ಚುನಿ ಗೋಸ್ವಾಮಿಯವರ ಎರಡನೆಯ ಆಟ

ಚೆಂಬೂರಿನ ಹೊಟೇಲುಗಳಲ್ಲಿ ತಟ್ಟೆ ತೊಳೆಯಲು ಬಂದ ಹುಡುಗ ಸಪ್ಲಾಯರನಾದರೆ ಅದನ್ನು ಏಳಿಗೆ ಎನ್ನುತ್ತೇವೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತನೆಂದರೆ ಊರಿಗೆಲ್ಲ ಸುದ್ದಿ. ಅದೇ ಹುಡುಗ ಸಂಜೆಯ ತರಗತಿಗೆ ಹೋಗಿ, ಪರೀಕ್ಷೆ ಕಟ್ಟಿ, ಗುಮಾಸ್ತನ ಕೆಲಸ ಹುಡುಕಹೊರಟನೋ, ‘ಅವನಿಗೆ ಒಂದು ಕಡೆ ಕಾಲು ನಿಲ್ಲದು’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ಬಂಗಾಳದ ಚುನಿ ಗೋಸ್ವಾಮಿಯವರು ನೆನಪಾಗುತ್ತಾರೆ.

1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಫುಟ್ಬಾಲಿನ ಚಿನ್ನ ಗೆದ್ದ ಭಾರತ ತಂಡಕ್ಕೆ ಅವರೇ ನಾಯಕರು. ಆ ಚಿನ್ನ ಮತ್ತೆ ನಮ್ಮ ಕೈಗೆ ಬಂದಿಲ್ಲ. 1964ರಲ್ಲಿ, ಇಪ್ಪತ್ತೇಳು ತುಂಬುವ ಮೊದಲೇ, ಅಂತರರಾಷ್ಟ್ರೀಯ ಫುಟ್ಬಾಲಿಗೆ ಅವರು ವಿದಾಯ ಹೇಳಿದರು. ಇನ್ನೂ ಎಷ್ಟೋ ಆಟ ಉಳಿದಿದ್ದ ಕಾಲುಗಳು! ಅಭಿಮಾನಿಗಳು ಮರುಗಿದ್ದರೆ ಅಚ್ಚರಿಯಿಲ್ಲ.

ಆದರೆ ಅವರು ದುಡುಕಿ ಹೊರಟವರಲ್ಲ. ಕಲಕತ್ತಾ ವಿಶ್ವವಿದ್ಯಾಲಯಕ್ಕಾಗಿ ಎರಡೂ ಆಟಗಳನ್ನು ಆಡಿದವರು. 1962–63ರಲ್ಲೇ ರಣಜಿ ಪಂದ್ಯಗಳಲ್ಲಿ ಬಂಗಾಳದ ಪರ ಆಡತೊಡಗಿದ್ದರು. 1954ರಲ್ಲಿ ಸೇರಿದ್ದ ಮೋಹನ್ ಬಾಗಾನ್ ಕ್ಲಬ್ಬಿನಲ್ಲಿ 1968ರವರೆಗೂ ಚೆಂಡು ಒದೆಯುತ್ತಲೇ ಇದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆಂದು ಹಿರಿಯರು ಹೇಳುತ್ತಾರೆ. ಈ ಮನುಷ್ಯ ಆರು ವರ್ಷ ಹಾಗೆ ನಿಂತೂ ಮುಳುಗಲಿಲ್ಲ.

ಹೊಸ ಆಟದಲ್ಲಿ ಅವರಿಗೆ ಹಳೆಯ ಪಟ್ಟ ಸಿಗಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ದೇಶದ ಫುಟ್ಬಾಲ್ ನಾಯಕನಾಗಿದ್ದವರಿಗೆ ಕ್ರಿಕೆಟಿನಲ್ಲಿ ಒಂದು ಟೆಸ್ಟ್ ಪಂದ್ಯವೂ ಒದಗಲಿಲ್ಲ. 46 ಪ್ರಥಮ ದರ್ಜೆಯ ಪಂದ್ಯಗಳು, ಒಂದೇ ಶತಕ, 47 ವಿಕೆಟ್ಟುಗಳು—ಲೆಕ್ಕ ಇಷ್ಟೇ. ಆದರೂ 1966ರಲ್ಲಿ ಇಂದೂರಿನಲ್ಲಿ ಸೋಬರ್ಸ್‌ರ ವೆಸ್ಟ್ ಇಂಡೀಸ್ ತಂಡವನ್ನು ಮಧ್ಯ ಮತ್ತು ಪೂರ್ವ ವಲಯಗಳ ಕೂಡುತಂಡ ಇನಿಂಗ್ಸಿನಿಂದ ಸೋಲಿಸಿದಾಗ ಎಂಟು ವಿಕೆಟ್ಟು ಪಡೆದವರು ಈ ಫುಟ್ಬಾಲ್ ಆಟಗಾರರೇ. 1968–69ರ ರಣಜಿ ಅಂತಿಮ ಪಂದ್ಯದಲ್ಲಿ ನಮ್ಮ ಮುಂಬಯಿಯ ಎದುರು 96 ಮತ್ತು 84 ಓಟಗಳನ್ನು ಗಳಿಸಿದರು. ಕಪ್ಪು ಮಾತ್ರ ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಮುಂಬಯಿಗೇ ಉಳಿಯಿತು. 1971–72ರಲ್ಲಿ ನಾಯಕನಾಗಿ ಬಂಗಾಳವನ್ನು ಮತ್ತೆ ಅಂತಿಮಕ್ಕೆ ತಂದರು. ಮತ್ತೆ ಮುಂಬಯಿಯೇ ಗೆದ್ದಿತು. ಮುಂಬಯಿವಾಸಿಗಳಾದ ನಮಗೆ ಆ ಗೆಲುವಿನ ಹೆಮ್ಮೆಯಿದೆ, ಆ ನಾಲ್ಕು ಓಟಗಳ ಬಗ್ಗೆ ಮರುಕವೂ ಇದೆ.

ಒಂದು ಕಡೆ ಮೊದಲಿಗನಾಗಿದ್ದವನು ಇನ್ನೊಂದು ಕಡೆ ಹತ್ತರಲ್ಲಿ ಹನ್ನೊಂದನೆಯವನಾಗಲು ಒಪ್ಪುವುದು ಸುಲಭವಲ್ಲ. ಹತ್ತು ವರ್ಷ ಹೊಟೇಲಿನಲ್ಲಿ ಹಿರಿಯನೆನಿಸಿ, ಮೂವತ್ತರ ಹೊತ್ತಿಗೆ ಕಚೇರಿ ಸೇರಿ, ತನಗಿಂತ ಕಿರಿಯನಿಂದ ಕಡತ ಕಟ್ಟುವುದನ್ನು ಕಲಿತವನಿಗೆ ಇದು ಗೊತ್ತು. ನಮ್ಮ ವಾಚಕರಲ್ಲಿ ಅಂಥವರು ಹಲವರಿದ್ದಾರೆ.

ಗೋಸ್ವಾಮಿಯವರಿಗೆ ವಿಶ್ವವಿದ್ಯಾಲಯದ ಮೈದಾನವಿತ್ತು, ಕ್ಲಬ್ಬಿನ ಆಸರೆಯಿತ್ತು. ನಮ್ಮ ಹುಡುಗನಿಗೆ ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಒಂದು ಚಾಪೆಯ ಜಾಗವಿದೆ, ಅಷ್ಟೇ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಲವು ಈಗಾಗಲೇ ಬಾಗಿಲು ಹಾಕಿವೆ. ಆದುದರಿಂದ ಹೊಟೇಲಿನ ಯಜಮಾನರಲ್ಲಿ ನಮ್ಮದೊಂದು ಬಿನ್ನಹ: ಓದಲು ಹೊರಟವನನ್ನು ಸಂಜೆ ಏಳಕ್ಕೆ ಬಿಟ್ಟುಕೊಡಿ. ಆ ಹೊತ್ತಿನಲ್ಲೇ ಗಿರಾಕಿಗಳ ದಟ್ಟಣೆ ಎಂಬುದು ನಮಗೂ ಗೊತ್ತು, ಆದರೂ ಕೇಳುತ್ತಿದ್ದೇವೆ.