ಈಜುಕೊಳದ ಕಾವಲು ಯಾರ ಹೊಣೆ?

ತ್ರಾಸಿಯಿಂದ ಮರವಂತೆಗೆ ಹೋಗುವ ಹೆದ್ದಾರಿಯನ್ನು ನೋಡದವರು ನಮ್ಮ ಓದುಗರಲ್ಲಿ ಕಡಿಮೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ 66ನೆಯ ನಂಬ್ರದ ರಾಷ್ಟ್ರೀಯ ಹೆದ್ದಾರಿ. ಈ ನೋಟಕ್ಕೆಂದು ಹಿಂದೆ ಕಾರು ಇದ್ದವರು ಮಾತ್ರ ಇಲ್ಲಿ ನಿಲ್ಲುತ್ತಿದ್ದರು. ಈಗ ಹಾಗಲ್ಲ. ಹಂಚಿನ ಕಾರ್ಖಾನೆಯ ಕೆಲಸಗಾರನೂ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ತಾಯಿಯೂ, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವನೂ ವರ್ಷಕ್ಕೊಮ್ಮೆ ಬೋನಸ್ಸಿನ ದುಡ್ಡಿನಲ್ಲೋ ಚೀಟಿ ಎತ್ತಿದ ದುಡ್ಡಿನಲ್ಲೋ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ದಿನ ಹೊರಗೆ ಹೋಗಿ ಬರುತ್ತಾರೆ. ಇದು ಸಂತೋಷದ ಸಂಗತಿ. ವಿಶ್ರಾಂತಿಯೆಂಬುದು ಶ್ರೀಮಂತರ ಪಿತ್ರಾರ್ಜಿತವಲ್ಲ. ವಾರದ ರಜೆಗಾಗಿ, ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ಕಾರ್ಮಿಕರೇ.

ಈ ಹೊಸ ಪ್ರವಾಸಿಗರಿಗಾಗಿ ಕರಾವಳಿಯ ಉದ್ದಕ್ಕೂ ವಸತಿಗೃಹಗಳೂ, ರಿಸಾರ್ಟುಗಳೂ, ಹೋಂ ಸ್ಟೇಗಳೂ ಎದ್ದಿವೆ. ಜಾಹೀರಾತಿನಲ್ಲಿ ಮೊದಲು ಕಾಣುವುದು ನೀಲಿ ನೀರಿನ ಈಜುಕೊಳ. ಕಡಲಿನ ಬದಿಯಲ್ಲೇ ಇರುವಾಗ ಕೊಳ ಯಾಕೆ ಎಂದು ಕೇಳಬಹುದು. ಕಡಲಿಗೆ ಎಲ್ಲರೂ ಹೆದರುತ್ತಾರೆ. ಅದರ ತೆರೆ ಕಾಣುತ್ತದೆ, ಸದ್ದು ಕೇಳುತ್ತದೆ. ಕೊಳಕ್ಕೆ ತೆರೆಯೂ ಇಲ್ಲ, ಸದ್ದೂ ಇಲ್ಲ. ಆದುದರಿಂದ "ಸಮುದ್ರಕ್ಕೆ ಇಳಿಯಬೇಡಿ, ಇಲ್ಲೇ ಆಡಿ" ಎಂದು ತಂದೆ ತಾಯಂದಿರು ಮಕ್ಕಳನ್ನು ಕೊಳದ ಬಳಿಯಲ್ಲಿ ಬಿಟ್ಟು ನೆಮ್ಮದಿಯಿಂದ ಕುಳಿತುಕೊಳ್ಳುತ್ತಾರೆ. ಈ ನೆಮ್ಮದಿಗೆ ಆಧಾರವಿದೆಯೇ ಎಂಬುದೇ ಇಂದು ನಾವು ಕೇಳುವ ಪ್ರಶ್ನೆ.

2024ರ ನವೆಂಬರ್ 17, ಭಾನುವಾರ. ಮಂಗಳೂರಿನ ಹತ್ತಿರ, ಸೋಮೇಶ್ವರ ಉಚ್ಚಿಲದ ಸಮುದ್ರತೀರದ ಒಂದು ಖಾಸಗಿ ರಿಸಾರ್ಟಿನ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ಬೆಳಗಿನ ಹೊತ್ತಿನಲ್ಲೇ ಮುಳುಗಿ ಸತ್ತರು. ಮೂವರೂ ಇಂಜಿನಿಯರಿಂಗ್ ಓದುತ್ತಿದ್ದವರು. ಮೂವರಿಗೂ ಈಜು ಬಾರದು. ಒಬ್ಬಳು ಆಳದ ಕಡೆಗೆ ಜಾರಿದಳು. ಅವಳನ್ನು ಹಿಡಿಯಲು ಎರಡನೆಯವಳು ಹೋದಳು. ಇಬ್ಬರಿಗಾಗಿ ಮೂರನೆಯವಳು ಹೋದಳು. ಆಳವಾದರೂ ಎಷ್ಟು? ಸುಮಾರು 6 ಅಡಿ. ನಮ್ಮ ಮನೆಗಳ ಬಾವಿಯ ಆಳಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಆದರೆ ಕೊಳದ ಬಳಿಯಲ್ಲಿ ಕಾವಲಿನವನು ಇರಲಿಲ್ಲ. ಎಲ್ಲಿ ಎಷ್ಟು ಆಳ ಎಂದು ತೋರಿಸುವ ಗುರುತೂ ಇರಲಿಲ್ಲ ಎಂದು ಆಗ ಪೋಲೀಸ್ ಅಧಿಕಾರಿಗಳೇ ಹೇಳಿದರು. ನಡೆದುದೆಲ್ಲವನ್ನೂ ಗೋಡೆಯ ಮೇಲಿನ ಕ್ಯಾಮರಾ ನೋಡಿತು. ನೋಡಲು ಯಂತ್ರವಿತ್ತು, ಕೈ ಹಿಡಿದೆತ್ತಲು ಮನುಷ್ಯನಿರಲಿಲ್ಲ.

ಆಮೇಲೆ ಎಲ್ಲವೂ ಬಿರುಸಾಗಿ ನಡೆಯಿತು. ಮಾಲಿಕರನ್ನೂ ಮ್ಯಾನೇಜರರನ್ನೂ ಬಂಧಿಸಿದರು. ಪರವಾನಿಗೆಯನ್ನು ಅಮಾನತಿನಲ್ಲಿಟ್ಟರು. ರಿಸಾರ್ಟಿಗೆ ಬೀಗ ಬಿತ್ತು. ಆದರೆ ಆಳದ ಗುರುತು ಇಲ್ಲದ್ದು ಆ ಭಾನುವಾರ ಬೆಳಿಗ್ಗೆ ಹುಟ್ಟಿಕೊಂಡ ದೋಷವೇ? ಪರವಾನಿಗೆ ಕೊಡುವ ದಿನ ಯಾರಾದರೂ ಕೊಳದ ಸುತ್ತ ಒಂದು ಸುತ್ತು ಬಂದಿದ್ದರೆ ಅದು ಕಣ್ಣಿಗೆ ಬೀಳದಿರುತ್ತಿತ್ತೇ? ಹೆಣ ಬಿದ್ದ ಮೇಲೆ ಕಾಣುವ ದೋಷವು ಅದಕ್ಕೆ ಮೊದಲು ಕಾಣದಿರುವುದು ನಮ್ಮ ಆಡಳಿತದ ಹಳೆಯ ರೋಗ.

ಕಾವಲಿನವನಿಲ್ಲದ ಕೊಳ ಒಂದು ಬಗೆ. ಕಾವಲಿನವನು ಹೆಸರಿಗೆ ಮಾತ್ರ ಇರುವ ಕೊಳ ಇನ್ನೊಂದು ಬಗೆ. 2006ರಲ್ಲಿ ಕೇರಳದ ಕೋವಳಂನಲ್ಲಿ, ಅಲ್ಲಿನ ಸರಕಾರದ ಪ್ರವಾಸೋದ್ಯಮ ನಿಗಮದ ಹೋಟೆಲಿನ ಈಜುಕೊಳದಲ್ಲಿ ದೆಹಲಿಯಿಂದ ಬಂದ ಅತಿಥಿಯೊಬ್ಬರು ಮುಳುಗಿ ಸತ್ತರು. ಅವರ ಪತ್ನಿ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಏನು? ಅಲ್ಲಿ ಜೀವರಕ್ಷಕನೆಂದು ಒಬ್ಬನಿದ್ದ; ಅವನಿಗೆ ಮದ್ಯ ಹಂಚುವ ಕೆಲಸವನ್ನೂ ಒಪ್ಪಿಸಲಾಗಿತ್ತು! ರಾಷ್ಟ್ರೀಯ ಗ್ರಾಹಕ ಆಯೋಗವು 62 ಲಕ್ಷ 50 ಸಾವಿರ ರೂಪಾಯಿಯ ಪರಿಹಾರ ಕೊಡಿಸಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಈಜುಕೊಳ ಇಟ್ಟ ಹೋಟೆಲಿನವರು ಅತಿಥಿಗಳ ಜೀವದ ಬಗ್ಗೆ ಎಚ್ಚರ ವಹಿಸಲು ಬದ್ಧರು, ಜೀವರಕ್ಷಕನಿಗೆ ಬೇರೆ ಕೆಲಸ ಹಚ್ಚುವುದು ಆ ಕರ್ತವ್ಯದಿಂದ ತಪ್ಪಿದಂತೆ ಎಂಬುದೇ ಆ ತೀರ್ಪಿನ ಸಾರ. ಆ ಹೋಟೆಲು ಖಾಸಗಿ ಬಂಡವಾಳಗಾರನದಾಗಿರಲಿಲ್ಲ, ಸರಕಾರದ್ದೇ ಆಗಿತ್ತು ಎಂಬುದನ್ನು ನಾವು ಮರೆಮಾಚುವುದಿಲ್ಲ. ಸಾರ್ವಜನಿಕ ಸ್ವಾಮ್ಯವನ್ನು ಬಯಸುವ ನಾವು ಸಾರ್ವಜನಿಕ ತಪಾಸಣೆಯನ್ನೂ ಅಷ್ಟೇ ಬಯಸಬೇಕಾಗುತ್ತದೆ.

ಗಿರಣಿಯಲ್ಲಿ ದುಡಿಯುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ಸಂಬಳ ಕೊಟ್ಟು ಇಬ್ಬರ ಕೆಲಸ ತೆಗೆಯುವ ಲೆಕ್ಕಾಚಾರ ಅವರಿಗೆ ಚೆನ್ನಾಗಿ ಗೊತ್ತು. ಹೋಟೆಲಿನಲ್ಲಿ ಕೋಣೆ ಗುಡಿಸುವ ಹುಡುಗನೇ ಸಂಜೆ ಕೊಳದ ಬಳಿ ಟವಲು ಹಿಡಿದು ನಿಲ್ಲುತ್ತಾನೆ. ಅತಿಥಿ ಕರೆದರೆ ಚಹಾ ತರಲು ಓಡುತ್ತಾನೆ. ಅವನು ಚಹಾ ತರಲು ಹೋದ ಎರಡು ನಿಮಿಷದಲ್ಲಿ ಮಗು ಮುಳುಗಿದರೆ ತಪ್ಪು ಯಾರದು? ಕೇಸು ಬೀಳುವಾಗ ಆ ಹುಡುಗನ ಹೆಸರೂ ಅದರಲ್ಲಿ ಸೇರಬಹುದು. ಅವನಿಗೆ ಈಜು ಕಲಿಸದೆ, ತರಬೇತು ಕೊಡದೆ, ಎರಡು ಕೆಲಸ ಹೇರಿದ ಲೆಕ್ಕ ಮಾತ್ರ ಯಾವ ಕಾಗದದಲ್ಲಿಯೂ ಕಾಣದು.

ನೀರಿನ ಬದಿಯಲ್ಲಿ ದುಡಿಯುವವನ ಜೀವದ ಬೆಲೆಯನ್ನೂ ಇಲ್ಲಿ ನೆನೆಯಬೇಕು. 2024ರ ಡಿಸೆಂಬರಿನಲ್ಲಿ ಇದೇ ತ್ರಾಸಿಯ ಕಡಲಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಜೆಟ್ ಸ್ಕೀ ಮಗುಚಿತು. ಪ್ರವಾಸಿಯ ಮೈಮೇಲೆ ಲೈಫ್ ಜಾಕೆಟ್ ಇತ್ತು, ಅವರು ಬದುಕಿದರು. ಅದನ್ನು ನಡೆಸುತ್ತಿದ್ದ ಕೆಲಸಗಾರ ಬದುಕಲಿಲ್ಲ. ಹೊಟ್ಟೆಪಾಡಿಗಾಗಿ ನೀರಿಗಿಳಿದವನೂ ಒಂದು ಮನೆಯ ಯಜಮಾನ, ಒಬ್ಬ ತಾಯಿಯ ಮಗ. ಅತಿಥಿಯ ಕ್ಷೇಮ, ಕೆಲಸಗಾರನ ಕ್ಷೇಮ ಎಂದು ಎರಡು ಲೆಕ್ಕ ಇಡಲಾಗದು. ತರಬೇತು, ಸಲಕರಣೆ, ವಿರಾಮ ಇಲ್ಲದ ಕೆಲಸಗಾರ ಅತಿಥಿಯನ್ನೂ ಉಳಿಸಲಾರ, ತನ್ನನ್ನೂ ಉಳಿಸಿಕೊಳ್ಳಲಾರ.

ಹೊಸ ತತ್ತ್ವವನ್ನೇನೂ ನಾವು ಹೇಳುತ್ತಿಲ್ಲ. 1948ರ ಕಾರ್ಖಾನೆ ಕಾಯಿದೆಯನ್ನು ಹಳೆಯ ಕಾರ್ಮಿಕರು ಬಲ್ಲರು. ತಿರುಗುವ ಚಕ್ರಕ್ಕೆ ಬೇಲಿ ಇರಬೇಕು ಎಂದು ಅದರಲ್ಲಿ ಬರೆದಿತ್ತು. ಅದರ 33ನೆಯ ಕಲಮಿನಲ್ಲಿ, ಅಪಾಯ ತರಬಹುದಾದ ಹೊಂಡ, ತೊಟ್ಟಿ, ಟ್ಯಾಂಕು ಯಾವುದೇ ಇರಲಿ, ಅದನ್ನು ಭದ್ರವಾಗಿ ಮುಚ್ಚಬೇಕು ಇಲ್ಲವೆ ಬೇಲಿ ಹಾಕಬೇಕು ಎಂದಿತ್ತು. ಕಾರ್ಖಾನೆಯ ಅಂಗಳದಲ್ಲಿ ದೊಡ್ಡವರು ಬೀಳಬಹುದೆಂದು ತೊಟ್ಟಿಗೆ ಬೇಲಿ ಬೇಕಾದರೆ, ಹೋಟೆಲಿನ ಅಂಗಳದಲ್ಲಿ ಮೂರು ವರ್ಷದ ಮಗು ಬೀಳಬಹುದಾದ ತೊಟ್ಟಿಗೆ ಬೇಡವೇ? ನೀರಿಗೆ ನೀಲಿ ಬಣ್ಣ ಬಂದ ಮಾತ್ರಕ್ಕೆ ತೊಟ್ಟಿ ತೊಟ್ಟಿಯಲ್ಲವೆಂದಾಗುವುದೇ?

ಹೊರದೇಶಗಳು ಈ ಪಾಠವನ್ನು ಕಷ್ಟಪಟ್ಟು ಕಲಿತಿವೆ. ಫ್ರಾನ್ಸು 2003ರಲ್ಲಿ ಕಾಯಿದೆ ಮಾಡಿ, ಖಾಸಗಿ ಈಜುಕೊಳಗಳಿಗೂ ಬೇಲಿಯೋ, ಮುಚ್ಚಳವೋ, ಎಚ್ಚರಿಕೆಯ ಗಂಟೆಯೋ ಇರಲೇಬೇಕೆಂದು ವಿಧಿಸಿತು. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳನ್ನು ಬಿಸಿನೀರಿನ ತೊಟ್ಟಿಯ ತಳದ ಕೊಳವೆ ಎಳೆದು ಹಿಡಿದು ಅವಳು ನೀರಿನಡಿಯಲ್ಲೇ ಸತ್ತಳು. ಆಕೆ ಆ ದೇಶದ ಮಾಜಿ ವಿದೇಶಾಂಗ ಕಾರ್ಯದರ್ಶಿಯ ಮೊಮ್ಮಗಳು. ತಳದ ಕೊಳವೆಗೆ ಸುರಕ್ಷಿತವಾದ ಜಾಲರಿ ಇರಬೇಕೆಂಬ ಕಾಯಿದೆಗೆ 2007ರ ತನಕ ಕಾಯಬೇಕಾಯಿತು. ಅಷ್ಟು ದೊಡ್ಡ ಮನೆತನದ ಮಗುವಿಗಾಗಿ ಐದು ವರ್ಷ ಹಿಡಿದರೆ, ಬೀಡಿ ಕಟ್ಟುವವಳ ಮಗುವಿಗಾಗಿ ಎಷ್ಟು ವರ್ಷ ಹಿಡಿದೀತು? 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದೂ, ಹತ್ತರಲ್ಲಿ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೆಂದೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಸತ್ತವರಲ್ಲಿ ಸುಮಾರು ಕಾಲುಭಾಗ ಐದು ವರ್ಷದ ಒಳಗಿನ ಮಕ್ಕಳು. ನೀರು ಬಡವ ಬಲ್ಲಿದನೆಂದು ನೋಡುವುದಿಲ್ಲ, ನಿಜ. ಆದರೆ ಬೇಲಿ, ಕಾವಲು, ಈಜು ಕಲಿಕೆ ಇವು ಹಣವಿದ್ದಲ್ಲಿ ಮೊದಲು ಬರುತ್ತವೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಅದು ನಮ್ಮ ಓದುಗರಾದ ಸಣ್ಣ ವ್ಯಾಪಾರಿಗಳಿಂದಲೇ ಬರುತ್ತದೆ. "ನಾಲ್ಕು ಕೋಣೆಯ ಹೋಂ ಸ್ಟೇ ನಡೆಸುವವನು ಜೀವರಕ್ಷಕನಿಗೆ ಸಂಬಳ ಎಲ್ಲಿಂದ ಕೊಡಬೇಕು? ದೊಡ್ಡ ರಿಸಾರ್ಟಿನವನು ಬದುಕುತ್ತಾನೆ, ಸಣ್ಣವನು ಬಾಗಿಲು ಹಾಕಬೇಕೇ?" ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸಾಲ ಮಾಡಿ ಮನೆಯ ಹಿಂದೆ ಕೊಳ ಕಟ್ಟಿಸಿದವನ ಕಷ್ಟ ನಮಗೆ ಗೊತ್ತಿದೆ. ಆದರೆ ಆಳದ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆಯಿಸಲು ಎಷ್ಟು ಖರ್ಚು? ಆಳವಾದ ಭಾಗಕ್ಕೂ ತಗ್ಗು ಭಾಗಕ್ಕೂ ನಡುವೆ ಹಗ್ಗ ಕಟ್ಟಲು, ಒಂದು ಉದ್ದನೆಯ ಬಿದಿರು ಗಳುವನ್ನೂ ಗಾಳಿ ತುಂಬಿದ ಟ್ಯೂಬನ್ನೂ ಗೋಡೆಗೆ ತೂಗುಹಾಕಲು ಎಷ್ಟು ಖರ್ಚು? ಬೇಲಿ ಹಾಕಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಇಟ್ಟು, ಕಾವಲಿಲ್ಲದ ಹೊತ್ತಿನಲ್ಲಿ ಬೀಗ ಹಾಕಬಹುದು. ಹತ್ತಿರದ ನಾಲ್ಕು ಮಂದಿ ಸೇರಿ ಹೊತ್ತು ಹಂಚಿಕೊಂಡು ಒಬ್ಬ ತರಬೇತಾದವನನ್ನು ಇಟ್ಟುಕೊಳ್ಳಬಹುದು. ಇಷ್ಟೂ ಆಗದಿದ್ದರೆ ಕೊಳಕ್ಕೆ ನೀರು ತುಂಬಿಸದೆ ಇರುವುದೇ ಸರಿ. ಬ್ರೇಕಿಲ್ಲದ ಬಸ್ಸನ್ನು ಮಾಲಿಕ ಬಡವನೆಂಬ ಕಾರಣಕ್ಕೆ ಯಾರೂ ರಸ್ತೆಗೆ ಬಿಡುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಹೀಗಿವೆ. ಒಂದು: ಈಜುಕೊಳವಿರುವ ಯಾವ ವಸತಿಗೃಹಕ್ಕೂ, ಕೊಳವನ್ನು ಸ್ಥಳದಲ್ಲೇ ನೋಡಿ ವರದಿ ಬರೆಯದೆ ಪಂಚಾಯತಾಗಲಿ ಪ್ರವಾಸೋದ್ಯಮ ಇಲಾಖೆಯಾಗಲಿ ಪರವಾನಿಗೆ ಕೊಡಕೂಡದು, ನವೀಕರಿಸಕೂಡದು. ಎರಡು: ಕೊಳ ತೆರೆದಿರುವಷ್ಟು ಹೊತ್ತೂ ಅದರ ಬದಿಯಲ್ಲಿ ತರಬೇತಾದ ಒಬ್ಬ ಜೀವರಕ್ಷಕ ಇರಬೇಕು, ಅವನಿಗೆ ಬೇರೆ ಕೆಲಸ ಹೇಳಕೂಡದು, ಅವನಿಗೆ ನ್ಯಾಯವಾದ ಸಂಬಳ, ವಾರದ ರಜೆ, ವಿಮೆ ಇರಬೇಕು. ಮೂರು: ಆಳದ ಗುರುತು, ಬೇಲಿ, ತಳದ ಜಾಲರಿ, ನೀರಿನಡಿಯ ದೀಪಗಳ ವಿದ್ಯುತ್ ಭದ್ರತೆ ಇವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ, ಪರೀಕ್ಷೆಯ ಕಾಗದವನ್ನು ಎಲ್ಲರಿಗೂ ಕಾಣುವಂತೆ ಹೋಟೆಲಿನ ಮುಂಗಟ್ಟೆಯಲ್ಲಿ ತೂಗುಹಾಕಬೇಕು. ನಾಲ್ಕು: ಈ ಕೆಲಸಕ್ಕೆ ನಮ್ಮ ಮೀನುಗಾರ ಮನೆಗಳ ಯುವಕ ಯುವತಿಯರನ್ನು ಸರಕಾರವೇ ತರಬೇತು ಮಾಡಬೇಕು. ನೀರನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸರಕಾರ ಎಚ್ಚರಗೊಳ್ಳುವ ತನಕ ನಮ್ಮ ಮಕ್ಕಳನ್ನು ನಾವೇ ಕಾಯಬೇಕು. ಈ ಸಾಲುಗಳನ್ನು ಬರೆಯುವ ನಾವೂ ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ನೀರಿನ ಬದಿಯಲ್ಲಿ ತಲೆ ಎಣಿಸಿ ಎಣಿಸಿ ಬೆವತವರು. ಆದುದರಿಂದ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದು ಭಾವಿಸಬೇಡಿ. ಬಾಯಿ ನೀರಿನ ಮಟ್ಟಕ್ಕೆ ಇಳಿದವನಿಗೆ ಕೂಗಲು ಉಸಿರೇ ಇರುವುದಿಲ್ಲ. ಹತ್ತು ಜನ ಸುತ್ತ ಕುಳಿತಿರುವಾಗಲೇ ಮಗು ಸದ್ದಿಲ್ಲದೆ ಮುಳುಗುವುದುಂಟು. "ಎಲ್ಲರೂ ನೋಡುತ್ತಿದ್ದಾರೆ" ಎಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಆದುದರಿಂದ ಕುಟುಂಬದಲ್ಲಿ ಒಬ್ಬರನ್ನು ಸರದಿಯ ಮೇಲೆ ಕಾವಲಿಗೆ ಇಡಿ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಬೇಡ, ಹೊಟ್ಟೆಯಲ್ಲಿ ಮದ್ಯ ಬೇಡ. ಸಣ್ಣ ಮಕ್ಕಳು ಕೈಗೆಟಕುವಷ್ಟು ಹತ್ತಿರದಲ್ಲಿರಲಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಉಚ್ಚಿಲದಲ್ಲಿ ಒಂದು ಜೀವದ ಹಿಂದೆ ಎರಡು ಜೀವ ಹೋದದ್ದು ಹೀಗೆಯೇ. ಗಳು ಚಾಚಿ, ಹಗ್ಗ ಎಸೆಯಿರಿ. ಏನೂ ಇಲ್ಲದಿದ್ದರೆ ಸೀರೆಯನ್ನೋ ಪಂಚೆಯನ್ನೋ ಎಸೆದು ಎಳೆಯಿರಿ. ಮೇಲೆತ್ತಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಹಳೆಯ ತಪ್ಪು ಪದ್ಧತಿ. ಅದರಲ್ಲಿ ಅಮೂಲ್ಯವಾದ ಹೊತ್ತು ಹೋಗುತ್ತದೆ. ಉಸಿರಿಲ್ಲದಿದ್ದರೆ ಬೆನ್ನ ಮೇಲೆ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು ಊದುವುದನ್ನು ಸಹಾಯ ಬರುವ ತನಕ ನಿಲ್ಲಿಸಬಾರದು. ಇನ್ನೊಬ್ಬರು ಕೂಡಲೇ 108ಕ್ಕೋ 112ಕ್ಕೋ ಫೋನು ಮಾಡಲಿ. ಉಸಿರು ನಿಂತ ಮೇಲೆ ನಾಲ್ಕೈದು ನಿಮಿಷದಲ್ಲಿ ಮೆದುಳು ಕೆಡತೊಡಗುತ್ತದೆ. ಆಂಬುಲೆನ್ಸು ಎಷ್ಟು ಬೇಗ ಬಂದರೂ ಆ ನಾಲ್ಕು ನಿಮಿಷ ಬದಿಯಲ್ಲಿದ್ದವರ ಕೈಯಲ್ಲಿಯೇ ಇರುತ್ತದೆ.

ಹಿಂದೆ ನಮ್ಮ ಊರುಗಳಲ್ಲಿ ಮಕ್ಕಳು ದೇವಸ್ಥಾನದ ಕೆರೆಯಲ್ಲಿ, ಮದಗದಲ್ಲಿ ಬಾಳೆದಿಂಡು ಹಿಡಿದು, ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ದಡದಲ್ಲಿ ಯಾರಾದರೂ ಹಿರಿಯರು ಇರುತ್ತಿದ್ದರು. ಅನೇಕ ಕೆರೆಗಳು ಹೂಳು ತುಂಬಿ ಹೋದವು. ಸಮುದ್ರದ ಬದಿಯಲ್ಲಿ ಹುಟ್ಟಿ ಈಜು ಬಾರದ ಮಕ್ಕಳ ಒಂದು ತಲೆಮಾರು ಬೆಳೆಯುತ್ತಿದೆ. ತಾಲೂಕಿಗೊಂದಾದರೂ ಸಾರ್ವಜನಿಕ ಈಜುಕೊಳ ಕಟ್ಟಿ, ಶಾಲೆಯ ಪ್ರತಿಯೊಂದು ಗಂಡು ಹೆಣ್ಣು ಮಗುವಿಗೂ ಉಚಿತವಾಗಿ ಈಜು ಕಲಿಸುವುದು ಸರಕಾರಕ್ಕೆ ಅಸಾಧ್ಯವೇನೂ ಅಲ್ಲ.

ಓದುಗರಲ್ಲಿ ನಮ್ಮ ಒಂದೇ ವಿನಂತಿ. ಮುಂದಿನ ರಜೆಯಲ್ಲಿ ಎಲ್ಲಿಗೇ ಹೋಗಿ, ಕೋಣೆಯ ಬಾಡಿಗೆ ಎಷ್ಟೆಂದು ಕೇಳುವ ಮೊದಲು, "ನಿಮ್ಮ ಕೊಳಕ್ಕೆ ಕಾವಲಿನವನು ಯಾರು? ಅವನಿಗೆ ಬೇರೆ ಏನು ಕೆಲಸ?" ಎಂದು ಕೇಳಿ. ಉತ್ತರ ಸರಿಯಾಗಿ ಬಾರದಿದ್ದರೆ ಮಕ್ಕಳನ್ನು ಕೊಳಕ್ಕೆ ಇಳಿಸಬೇಡಿ. ಊರಿಗೆ ಮರಳಿದ ಮೇಲೆ ಆ ಪಂಚಾಯತಿಗೆ ಒಂದು ಅರ್ಜಿ ಬರೆಯಿರಿ. ನೂರು ಗಿರಾಕಿಗಳು ಕೇಳಿದರೆ ಮಾಲಿಕರು ಕೇಳುತ್ತಾರೆ. ನೂರು ಅರ್ಜಿಗಳು ಬಂದರೆ ಅಧಿಕಾರಿಗಳೂ ಏಳುತ್ತಾರೆ. ಉಚ್ಚಿಲದ ಮೂರು ಮನೆಗಳ ದುಃಖ ತ್ರಾಸಿಯಲ್ಲಿ ಮರುಕಳಿಸಬಾರದು.