ಕಪ್ತಾನನನ್ನು ಬೈಯುವ ಮುನ್ನ ಮಾತ್ರೆಯ ಡಬ್ಬಿ ನೋಡೋಣ



ಜಪಾನಿನ ಹಳೆಯ ಪಂಚಾಂಗದಲ್ಲಿ ‘ನಿಹ್ಯಾಕು ತೋಕಾ’ ಎಂಬ ಒಂದು ದಿನವಿದೆ. ‘ಇನ್ನೂರ ಹತ್ತನೆಯ ದಿನ’ ಎಂದು ಅದರ ಅರ್ಥ. ವಸಂತಾರಂಭದಿಂದ ಎಣಿಸಿದರೆ ಅದು ಸೆಪ್ಟೆಂಬರ್ 1ರ ಆಸುಪಾಸಿಗೆ ಬರುತ್ತದೆ. ಚಂಡಮಾರುತ ಬಂದು ಭತ್ತದ ಬೆಳೆಯನ್ನು ಹಾಳುಮಾಡೀತೆಂದು ರೈತರು ಅಂಜಿ ಎಚ್ಚರವಾಗಿರುತ್ತಿದ್ದ ದಿನವದು. ನಮ್ಮ ಕರಾವಳಿಯ ಮೊಗವೀರರೂ ಮಳೆಗಾಲದ ಕಡಲಿನ ಮುನಿಸು ಇಳಿದ ಮೇಲೆ ಸಮುದ್ರರಾಜನಿಗೆ ಹಾಲು, ತೆಂಗಿನಕಾಯಿ ಅರ್ಪಿಸಿಯೇ ದೋಣಿ ಇಳಿಸುವವರು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ಸರಕಾರದ ನಿಷೇಧವೇ ಇದೆ. ಕಾಲ ನೋಡಿ ಕಡಲಿಗಿಳಿಯಬೇಕೆಂಬ ವಿವೇಕ ನಮಗೆ ಹೊಸದಲ್ಲ.

ಆದರೆ ನಾವು ಟೋಕಿಯೋ ಸುತ್ತಮುತ್ತಲಿನ ಕನ್ನಡಿಗರು ಮಾಡುತ್ತಿರುವುದೇನು? ಸೆಪ್ಟೆಂಬರಿನ ಸಾಲು ರಜೆ ಹತ್ತಿರವಾದಂತೆ ಊರಿನಿಂದ ತಂದೆತಾಯಿಯರನ್ನು ಕರೆಸಿಕೊಳ್ಳುತ್ತೇವೆ. ಯೊಕೊಹಾಮಾದಿಂದ ಹೊರಟು ಕೊರಿಯಾದ ಬೂಸಾನ್ ಮುಟ್ಟಿ ಮರಳುವ ವಿಹಾರ ನೌಕೆಯಲ್ಲಿ ಅವರಿಗೊಂದು ಕೋಣೆ ಕಾದಿರಿಸುತ್ತೇವೆ. ಹಡಗು ಮರಳಿದ ಮರುದಿನವೇ ಅವರು ಬೆಂಗಳೂರಿಗೆ ವಿಮಾನ ಹತ್ತಬೇಕು. ನಡುವೆ ಒಂದು ದಿನದ ಬಿಡುವೂ ಇಲ್ಲ. ಚಂಡಮಾರುತದ ಕಾರಣದಿಂದ ಹಡಗು ದಾರಿ ಬದಲಿಸಿತೆಂದರೆ ನಮ್ಮ ಕೋಪ ನೆತ್ತಿಗೇರುತ್ತದೆ. ‘ಕಪ್ತಾನ ಹೆದರುಪುಕ್ಕಲ’, ‘ಜಪಾನಿನವರದು ಅತಿ ಜಾಗ್ರತೆ’, ‘ದುಡ್ಡು ಕೊಟ್ಟಿದ್ದೇವೆ, ಬಿಡಬಾರದು’ ಎಂಬ ಮಾತುಗಳಿಂದ ವಾಟ್ಸಾಪ್ ಗುಂಪು ತುಂಬಿಹೋಗುತ್ತದೆ. ಈ ಕೋಪ ಅನ್ಯಾಯದ್ದು. ನಿಜವಾಗಿ ಎಲ್ಲಿ ಎಚ್ಚರ ಬೇಕೋ ಅಲ್ಲಿಂದ ಅದು ನಮ್ಮ ಕಣ್ಣನ್ನು ಬೇರೆಡೆಗೆ ಸೆಳೆಯುತ್ತದೆ. ಇದನ್ನು ಹೇಳಲೆಂದೇ ಈ ಲೇಖನ.

ನಾನು ಊರಿನಲ್ಲಿ ಎಂ.ಬಿ.ಬಿ.ಎಸ್. ಓದಿದವನು. ಜಪಾನಿನಲ್ಲಿ ಔಷಧ ಬರೆದುಕೊಡುವ ಅಧಿಕಾರ ನನಗಿಲ್ಲ. ಬಳಗದವರು ಕರೆದಾಗ ಸಲಹೆ ನೀಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಭಾಷೆಗೆ ನೆರವಾಗುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದಿನ ಒಂದು ಸೆಪ್ಟೆಂಬರ್ ರಾತ್ರಿ ನಮ್ಮವರೇ ಒಬ್ಬರು ಹಡಗಿನಿಂದ ಕರೆ ಮಾಡಿದರು. ದಾವಣಗೆರೆಯಿಂದ ಬಂದಿದ್ದ ಅವರ ತಂದೆಗೆ ಎಪ್ಪತ್ತೊಂದು ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದವು. ಚಂಡಮಾರುತ ತಪ್ಪಿಸಲು ಹಡಗು ದೂರ ಸರಿದಿತ್ತು. ಯೊಕೊಹಾಮಾಕ್ಕೆ ಮರಳುವುದು ಎರಡು ದಿನ ತಡ. ‘ಡಾಕ್ಟ್ರೇ, ಅಪ್ಪಾಜಿಯವರ ಇನ್ಸುಲಿನ್ ನಿನ್ನೆಯೇ ಮುಗಿದಿದೆ. ಬೆಳಗಿನಿಂದ ವಾಂತಿ. ಏನು ಮಾಡಲಿ?’

ಹಡಗಿನಲ್ಲಿ ವೈದ್ಯರಿದ್ದರು. ಬಿಲ್ಲು ಎಷ್ಟಾದೀತೋ ಎಂಬ ಅಂಜಿಕೆಯಿಂದ ಇವರು ಒಂದು ಇಡೀ ದಿನ ಅವರ ಬಳಿಗೆ ಹೋಗಿರಲಿಲ್ಲ. ಈ ಕ್ಷಣವೇ ಹೋಗಿ ಎಂದು ನಾನು ಒತ್ತಾಯಿಸಿದೆ. ಹೋದರು. ಬಂದರಿನಿಂದ ಹಿರಿಯರನ್ನು ಗಾಲಿಕುರ್ಚಿಯಲ್ಲಿ ಇಳಿಸಿ ನೇರವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾಲ್ಕು ದಿನಗಳ ಬಳಿಕ ಚೇತರಿಸಿಕೊಂಡು ಹೊರಬಂದರು. ಪ್ರವಾಸಿಗರಿಗೆ ಇಲ್ಲಿನ ರಾಷ್ಟ್ರೀಯ ಆರೋಗ್ಯ ವಿಮೆ ಅನ್ವಯಿಸುವುದಿಲ್ಲ. ಖಾಸಗಿ ವಿಮೆಯನ್ನೂ ಅವರು ಮಾಡಿಸಿರಲಿಲ್ಲ. ಆಸ್ಪತ್ರೆಯ ವೆಚ್ಚ ವಿಹಾರದ ವೆಚ್ಚವನ್ನು ಮೀರಿತು.

ಅದೇ ಎರಡು ದಿನಗಳಲ್ಲಿ ಆ ಪ್ರವಾಸದ ಗುಂಪಿನಲ್ಲಿ ಮರುಪಾವತಿಯ ಬಗ್ಗೆ ಹತ್ತಾರು ಸಂದೇಶಗಳು ಬಂದಿದ್ದವು. ಸಾಮೂಹಿಕ ದೂರಿನ ಕರಡೂ ಸಿದ್ಧವಾಗಿತ್ತು. ‘ಹಿರಿಯರ ಔಷಧ ಸಾಕಷ್ಟಿದೆಯೇ?’ ಎಂದು ಒಬ್ಬರೂ ಕೇಳಿರಲಿಲ್ಲ. ಅವರನ್ನೇ ದೂರಿ ನಾನು ತಪ್ಪಿಸಿಕೊಳ್ಳಲಾರೆ. ಹೊರಡುವ ಮುನ್ನ ಆ ಹಿರಿಯರ ಕಾಗದಪತ್ರ ನೋಡಿ, ‘ಏನೂ ಆಗುವುದಿಲ್ಲ, ಹೋಗಿ ಬನ್ನಿ’ ಎಂದವನು ನಾನೇ. ಎಷ್ಟು ದಿನದ ಔಷಧವಿದೆ ಎಂದು ನಾನೂ ಕೇಳಲಿಲ್ಲ.

ಈಗ ಕಪ್ತಾನನ ವಿಷಯಕ್ಕೆ ಬರೋಣ. ‘ಸುಮ್ಮನೆ ಬಂದರಿಗೆ ಬಂದು ಕಟ್ಟಿಹಾಕಿದ್ದರೆ ಆಗುತ್ತಿರಲಿಲ್ಲವೇ?’ ಎಂದು ಅನೇಕರು ಕೇಳುತ್ತಾರೆ. ಬಿರುಗಾಳಿಯಲ್ಲಿ ದಡದ ಸಮೀಪವಿರುವುದೇ ದೊಡ್ಡ ಹಡಗಿಗೆ ಅಪಾಯ. 2018ರ ಸೆಪ್ಟೆಂಬರ್ 4ರಂದು ‘ಜೆಬಿ’ ಚಂಡಮಾರುತ ಬಂದಾಗ ಒಸಾಕಾ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಒಂದು ಟ್ಯಾಂಕರ್ ಹಡಗು ಲಂಗರಿನ ಸಮೇತ ಕೊಚ್ಚಿಕೊಂಡು ಬಂದು ಕನ್ಸಾಯಿ ವಿಮಾನ ನಿಲ್ದಾಣದ ಸೇತುವೆಗೆ ಬಡಿಯಿತು. ನಿಲ್ದಾಣ ಜಲಾವೃತವಾಗಿ ಸಾವಿರಾರು ಜನ ಆ ಕೃತಕ ದ್ವೀಪದಲ್ಲಿ ಸಿಕ್ಕಿಬಿದ್ದರು. ಇಂಥ ಅನುಭವಗಳ ನಂತರ, ಚಂಡಮಾರುತ ಸಮೀಪಿಸುವ ಮೊದಲೇ ದೊಡ್ಡ ಹಡಗುಗಳನ್ನು ಕೊಲ್ಲಿಯಿಂದ ಹೊರಕಳಿಸಲು ಅನುವಾಗುವಂತೆ ಜಪಾನ್ 2021ರಲ್ಲಿ ತನ್ನ ಸಾಗರ ಸಂಚಾರ ಕಾನೂನನ್ನು ತಿದ್ದಿತು. ಕಪ್ತಾನ ಹಡಗನ್ನು ದೂರ ಒಯ್ದದ್ದು ಹೆದರಿಕೆಯಿಂದ ಎನ್ನುವವರು ಈ ಘಟನೆಯನ್ನು ನೆನೆಯಬೇಕು.

ಹೊರಟವರ ಕಥೆಯನ್ನೂ ಕೇಳಬೇಕು. 1954ರ ಸೆಪ್ಟೆಂಬರ್ 26ರಂದು ಹೊಕ್ಕೈಡೋದ ಹಾಕೊದಾತೆ ಬಂದರಿನಲ್ಲಿ ‘ತೋಯಾ ಮಾರು’ ಎಂಬ ದೋಣಿಸೇವೆಯ ಹಡಗು ಚಂಡಮಾರುತದ ಕಾರಣ ಮಧ್ಯಾಹ್ನದ ಪ್ರಯಾಣವನ್ನು ತಡೆಹಿಡಿದಿತ್ತು. ಸಂಜೆಯಾಗುತ್ತಲೇ ಗಾಳಿ ತಗ್ಗಿ ಆಕಾಶ ತಿಳಿಯಾಯಿತು. ಬಿರುಗಾಳಿಯ ಕಣ್ಣು ಹಾದುಹೋಗುತ್ತಿದೆ, ಇನ್ನು ಭಯವಿಲ್ಲವೆಂದು ಅನುಭವಿ ಕಪ್ತಾನ ಭಾವಿಸಿ ಹಡಗು ಬಿಟ್ಟ. ಅದು ಕಣ್ಣಾಗಿರಲಿಲ್ಲ. ಬಂದರಿನ ಹೊರಗೇ ಗಾಳಿಗೆ ಸಿಕ್ಕಿದ ಹಡಗು ರಾತ್ರಿ ಮಗುಚಿತು. ಕಪ್ತಾನನೂ ಸೇರಿ 1,100ಕ್ಕೂ ಹೆಚ್ಚು ಮಂದಿ ಸತ್ತರು. ಹೊಕ್ಕೈಡೋ ಮತ್ತು ಹೊನ್ಶೂ ದ್ವೀಪಗಳ ನಡುವೆ ಸಮುದ್ರದಡಿಯಲ್ಲಿ ಸುರಂಗ ತೋಡಲೇಬೇಕೆಂಬ ಸಂಕಲ್ಪಕ್ಕೆ ಬಲ ಬಂದದ್ದು ಈ ದುರಂತದಿಂದ. 1988ರಲ್ಲಿ ತೆರೆದ ಸೈಕಾನ್ ಸುರಂಗದಲ್ಲಿ ನಮ್ಮಲ್ಲಿ ಹಲವರು ರೈಲಿನಲ್ಲಿ ಹೋಗಿಬಂದಿದ್ದೇವೆ.

ನಮ್ಮ ಕಡಲಿನ ಉದಾಹರಣೆಯೂ ದೂರದ್ದಲ್ಲ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಮಂಗಳೂರು, ಉಡುಪಿ ತೀರಗಳನ್ನು ನಡುಗಿಸಿ ಉತ್ತರಕ್ಕೆ ಸಾಗಿತು. ಹವಾಮಾನ ಇಲಾಖೆಯ ಎಚ್ಚರಿಕೆ ಮೊದಲೇ ಬಂದಿದ್ದರೂ ಮುಂಬೈ ಬಳಿಯ ತೈಲಕ್ಷೇತ್ರದಲ್ಲಿ 261 ಮಂದಿಯಿದ್ದ ಪಿ-305 ಎಂಬ ಬಾರ್ಜ್ ಸಮುದ್ರದಲ್ಲಿಯೇ ಉಳಿದಿತ್ತು. ಅದು ಮುಳುಗಿ 70ಕ್ಕೂ ಹೆಚ್ಚು ಜೀವಗಳು ಹೋದವು. ಅಲ್ಲಿ ಎಚ್ಚರಿಕೆ ಸಾಲದಾಯಿತು. ಇಲ್ಲಿ ಎಚ್ಚರಿಕೆ ಹೆಚ್ಚಾಯಿತೆಂದು ನಾವು ದೂರು ಬರೆಯುತ್ತಿದ್ದೇವೆ.

‘ಕೊನೆಗೆ ಚಂಡಮಾರುತ ಅಷ್ಟೇನೂ ಬರಲಿಲ್ಲವಲ್ಲ!’ ಎಂಬ ಆಕ್ಷೇಪವೂ ಉಂಟು. 2014ರ ಅಕ್ಟೋಬರಿನಲ್ಲಿ ಪಶ್ಚಿಮ ಜಪಾನಿನ ಜೆ.ಆರ್. ರೈಲ್ವೆ ಒಸಾಕಾ ಸುತ್ತಲಿನ ರೈಲುಗಳನ್ನು ಹಿಂದಿನ ದಿನವೇ ಘೋಷಿಸಿ ನಿಲ್ಲಿಸಿದಾಗ ಇದೇ ಟೀಕೆ ಕೇಳಿಬಂದಿತ್ತು. ಆದರೂ ಆ ಪದ್ಧತಿ ಉಳಿಯಿತು, ಬೇರೆ ಕಡೆಗೂ ಹಬ್ಬಿತು. 2019ರ ಅಕ್ಟೋಬರ್ 12ರಂದು ‘ಹಗಿಬಿಸ್’ ಬರುವುದಕ್ಕೆ ಎರಡು ದಿನ ಮೊದಲೇ ರಗ್ಬಿ ವಿಶ್ವಕಪ್ಪಿನ ಎರಡು ಪಂದ್ಯಗಳನ್ನು ರದ್ದುಗೊಳಿಸಿದರು. ಅವುಗಳಲ್ಲಿ ಯೊಕೊಹಾಮಾದ ಇಂಗ್ಲೆಂಡ್–ಫ್ರಾನ್ಸ್ ಪಂದ್ಯವೂ ಒಂದು. ದೂರದೇಶಗಳಿಂದ ಬಂದ ಅಭಿಮಾನಿಗಳು ಸಹಜವಾಗಿಯೇ ಕೆರಳಿದರು. ಆ ರಾತ್ರಿ ಕ್ರೀಡಾಂಗಣದ ಸುತ್ತಲಿನ ತಗ್ಗು ಪ್ರದೇಶ ತ್ಸುರುಮಿ ನದಿಯ ನೆರೆನೀರಿನಿಂದ ತುಂಬಿತು. ನೆರೆಯನ್ನು ತಡೆಹಿಡಿಯಲೆಂದೇ ಆ ಪ್ರದೇಶವನ್ನು ರೂಪಿಸಿ, ಕ್ರೀಡಾಂಗಣವನ್ನು ಕಂಬಗಳ ಮೇಲೆ ನಿಲ್ಲಿಸಿದ್ದರು. ಹತ್ತು ಸಲ ಎಚ್ಚರ ವಹಿಸಿ ಒಂಬತ್ತು ಸಲ ಅದು ವ್ಯರ್ಥವಾದರೂ ಹತ್ತನೆಯದಕ್ಕಾಗಿ ಅದು ಬೇಕು. ವೈದ್ಯರು ಲಸಿಕೆ ಹಾಕುವುದೂ ಇದೇ ಲೆಕ್ಕದಲ್ಲಿ.

ಎದುರುಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಐ.ಟಿ. ಕೆಲಸದಲ್ಲಿರುವವರಿಗೆ ರಜೆ ಸಿಗುವುದೇ ಆ ವಾರದಲ್ಲಿ. ತಂದೆತಾಯಿ ಇಷ್ಟು ದೂರ ಬರುವುದು ಬಹುಶಃ ಜೀವನದಲ್ಲಿ ಒಮ್ಮೆ. ದಾರಿ ಬದಲಾದದ್ದನ್ನು ತಡವಾಗಿ, ಅರ್ಥವಾಗದ ಭಾಷೆಯಲ್ಲಿ ತಿಳಿಸಿದರೆ ಸಿಟ್ಟು ಬರುವುದು ನ್ಯಾಯವೇ. ಬೇಗ ತಿಳಿಸಿ, ತಿಳಿಯುವಂತೆ ತಿಳಿಸಿ ಎಂದು ಸಂಸ್ಥೆಯನ್ನು ಕೇಳೋಣ. ಇಳಿಯದ ಬಂದರಿನ ಶುಲ್ಕವನ್ನು ಮರಳಿ ಕೇಳೋಣ. ಆದರೆ ‘ಯಾಕೆ ಹೋಗಲಿಲ್ಲ?’ ಎಂದು ಕೇಳಬಾರದು. ಟಿಕೆಟಿನ ಕರಾರಿನಲ್ಲಿ ಬಂದರು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಕಪ್ತಾನನಿಗೇ ಇರುತ್ತದೆ. ಆ ಕರಾರಿಗೆ ನಾವು ಓದದೆ ಒಪ್ಪಿಗೆ ಒತ್ತಿರುತ್ತೇವೆ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ನನ್ನ ಅನುಭವದಿಂದ ಕೆಲವು ಮಾತುಗಳು.

ಮೊದಲನೆಯದು ಔಷಧ. ವೈದ್ಯರ ಚೀಟಿಯ ಔಷಧವನ್ನು ಜಪಾನಿಗೆ ವಿಶೇಷ ಅನುಮತಿಯಿಲ್ಲದೆ ತರಬಹುದಾದದ್ದು ಒಂದು ತಿಂಗಳಿಗೆ ಆಗುವಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಬೇಕಾದರೆ ‘ಯುನ್ಯೂ ಕಾಕುನಿನ್ ಶೋ’ ಎಂಬ ಆಮದು ದೃಢೀಕರಣ ಪತ್ರವನ್ನು ಹೊರಡುವ ಮೊದಲೇ ಪಡೆಯಬೇಕು. ಊರಿನ ವೈದ್ಯರ ಚೀಟಿಗೆ ಇಲ್ಲಿನ ಔಷಧಾಲಯದಲ್ಲಿ ಔಷಧ ಕೊಡುವುದಿಲ್ಲ. ಇಲ್ಲಿನ ವೈದ್ಯರಿಗೆ ತೋರಿಸಿಯೇ ಪಡೆಯಬೇಕು. ಆದ್ದರಿಂದ ಹಡಗಿನ ದಿನಗಳಿಗಿಂತ ಕನಿಷ್ಠ ಒಂದು ವಾರದಷ್ಟು ಹೆಚ್ಚು ಔಷಧ ಜೊತೆಗಿರಲಿ. ಹಡಗಿನಿಂದ ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಮಾತ್ರೆ, ಇನ್ಸುಲಿನ್, ಸಕ್ಕರೆ ಅಳೆಯುವ ಯಂತ್ರ ಆ ಪೆಟ್ಟಿಗೆಯೊಳಗೆ ಹೋಗಕೂಡದು, ಕೈಚೀಲದಲ್ಲಿಯೇ ಇರಬೇಕು. ಔಷಧಗಳ ಮೂಲ ಹೆಸರು ಮತ್ತು ಪ್ರಮಾಣವನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆಯೂ ಜೊತೆಗಿರಲಿ. ಭಾರತದ ಬ್ರ್ಯಾಂಡ್ ಹೆಸರು ಇಲ್ಲಿನವರಿಗೆ ತಿಳಿಯದು.

ಎರಡನೆಯದು ಕಡಲ ಅಲೆ. ವಾಂತಿಯಾಗುತ್ತಿದೆ, ಊಟ ಮಾಡಿಲ್ಲ ಎಂದು ಇನ್ಸುಲಿನ್ನನ್ನು ನೀವೇ ಪೂರ್ತಿ ನಿಲ್ಲಿಸಬೇಡಿ. ದೇಹದ ನೀರು ಬತ್ತಿದಾಗ ಕೆಲವು ಸಕ್ಕರೆ ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದನ್ನು, ಯಾವಾಗ ಎಂಬುದನ್ನು ಊರಿನ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಊರಿನಿಂದ ತಂದ ಅವೋಮಿನ್‌ನಂಥ ವಾಂತಿ ಮಾತ್ರೆ ಹಿರಿಯರಲ್ಲಿ ಮಂಪರು, ಗೊಂದಲ, ಕೆಲವರಲ್ಲಿ ಮೂತ್ರಕಟ್ಟು ತರುತ್ತದೆ. ತೂಗಾಡುವ ಹಡಗಿನಲ್ಲಿ ಮಂಪರಿನಲ್ಲಿ ಎದ್ದು ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಅದು ದೊಡ್ಡ ಅನಾಹುತ. ರಾತ್ರಿ ಶೌಚಕ್ಕೆ ಹೋಗುವಾಗ ಒಬ್ಬರು ಕೈ ಹಿಡಿಯಲಿ.

ಮೂರನೆಯದು ಕಾಗದಪತ್ರ. ವಿದೇಶಿ ಧ್ವಜದ ಹಡಗುಗಳು ಜಪಾನಿನ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಲು ಇಲ್ಲಿನ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಅದಕ್ಕಾಗಿಯೇ ಬೂಸಾನಿನಂಥ ಒಂದು ಹೊರನಾಡಿನ ಬಂದರು ವೇಳಾಪಟ್ಟಿಯಲ್ಲಿರುತ್ತದೆ. ಒಂದೇ ಪ್ರವೇಶದ ವೀಸಾದಲ್ಲಿ ಬಂದ ತಂದೆತಾಯಿ ಜಪಾನ್ ಬಿಟ್ಟರೆ ಆ ವೀಸಾ ಅಲ್ಲಿಗೆ ಮುಗಿಯಿತು. ಬಹುಪ್ರವೇಶದ ವೀಸಾ ಇದೆಯೇ, ಬಂದರು ಬದಲಾದರೆ ಆ ದೇಶದ ವೀಸಾ ಬೇಕೇ ಎಂಬುದನ್ನು ಹಣ ಕಟ್ಟುವ ಮುನ್ನ ಕೇಳಿ. ವಿಮೆಯನ್ನು ಪ್ರವಾಸ ಗೊತ್ತಾದ ದಿನವೇ ಮಾಡಿಸಿ. ಚಂಡಮಾರುತ ಸುದ್ದಿಯಾದ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಆ ಚಂಡಮಾರುತಕ್ಕೆ ಉಪಯೋಗವಾಗುವುದಿಲ್ಲ. ವೈದ್ಯಕೀಯ ವೆಚ್ಚ, ವಿಳಂಬದ ವೆಚ್ಚ ಎರಡೂ ಅದರಲ್ಲಿರಲಿ. ಹಡಗು ಮರಳುವ ದಿನಕ್ಕೂ ಊರಿನ ವಿಮಾನಕ್ಕೂ ನಡುವೆ ಮೂರು ದಿನವಾದರೂ ಬಿಡಿ.

ಬಳಗದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸ್ಪಷ್ಟ ಬೇಡಿಕೆಯಿದೆ. ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಬಳಗದ ಹೆಸರಿನಲ್ಲಿ ಸಮುದ್ರ ಪ್ರವಾಸ ಏರ್ಪಡಿಸುವುದನ್ನು ನಿಲ್ಲಿಸಿ. ವಸಂತದಲ್ಲಿ ಮಾಡೋಣ. ಬೇರೆ ತಿಂಗಳುಗಳಲ್ಲಿಯೂ ಅರವತ್ತು ದಾಟಿದವರ ಔಷಧ, ವಿಮೆ, ವೀಸಾ ಈ ಮೂರನ್ನೂ ಪರಿಶೀಲಿಸದೆ ಯಾರ ಹೆಸರನ್ನೂ ಪಟ್ಟಿಗೆ ಸೇರಿಸಬೇಡಿ. ‘ಇಷ್ಟು ಕಟ್ಟುನಿಟ್ಟಾದರೆ ಜನ ಬರುವುದಿಲ್ಲ’ ಎಂದು ಕಳೆದ ಸಭೆಯಲ್ಲಿ ಕೆಲವರು ಹೇಳಿದರು. ಬರದಿದ್ದರೆ ಬೇಡ. ಹತ್ತು ಮಂದಿ ಕಡಿಮೆಯಾದರೆ ಬಳಗಕ್ಕೆ ನಷ್ಟವೇನೂ ಇಲ್ಲ.

ಆ ಹಿರಿಯರು ಈಗ ದಾವಣಗೆರೆಯಲ್ಲಿ ಆರೋಗ್ಯವಾಗಿದ್ದಾರೆ. ಕಳೆದ ಯುಗಾದಿಗೆ ಕರೆ ಮಾಡಿ, ‘ಮತ್ತೊಮ್ಮೆ ಬರ್ತೀನಿ ಡಾಕ್ಟ್ರೇ, ಫ್ಯೂಜಿ ಪರ್ವತ ನೋಡೋದು ಬಾಕಿ ಐತಿ’ ಎಂದರು. ಬನ್ನಿ, ಚೈತ್ರದಲ್ಲಿ ಬನ್ನಿ ಎಂದೆ. ಆಮೇಲೆ, ಎಷ್ಟು ದಿನದ ಮಾತ್ರೆ ತರುತ್ತೀರಿ ಎಂದು ಈ ಸಲ ನಾನೇ ಮೊದಲು ಕೇಳಿದೆ.

— ಬಳಗದ ಆರೋಗ್ಯ ನೆರವು ತಂಡದ ಸ್ವಯಂಸೇವಕ ವೈದ್ಯ