ಸುಗ್ಗಿಯ ಹಣ, ಹನ್ನೆರಡು ತಿಂಗಳ ಒಲೆ

ಸಿರುಗುಪ್ಪ, ಕುರುಗೋಡು ಸೀಮೆಯ ತುಂಗಭದ್ರಾ ಕಾಲುವೆಯ ಬಯಲಿನಲ್ಲಿ ಭತ್ತದ ಹಣ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಕೈಸೇರುತ್ತದೆ. ಒಲೆಯಾದರೋ ಹನ್ನೆರಡು ತಿಂಗಳೂ ಉರಿಯಬೇಕು. ಇದನ್ನು ಮರೆತು ಸುಗ್ಗಿಯಲ್ಲಿಯೇ ಬಳ್ಳಾರಿಯ ಪೇಟೆಯಲ್ಲಿ ಕೈಬಿಚ್ಚಿ ಖರ್ಚು ಮಾಡುವುದು ಅನೇಕ ಮನೆಗಳ ಮೊದಲ ತಪ್ಪು. ಆಮೇಲೆ ಶಾಲೆಯ ಶುಲ್ಕಕ್ಕೂ ಸಾಲ, ಗೊಬ್ಬರಕ್ಕೂ ಸಾಲ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಹಗುರವೆನಿಸೀತು; 50,000 ರೂಪಾಯಿಗೆ ಆರೇ ತಿಂಗಳಲ್ಲಿ ಅದು 6,000 ರೂಪಾಯಿಯಾಗುತ್ತದೆ.

ಆದ್ದರಿಂದ ಭತ್ತ ಮಾರಿದ ದಿನವೇ ಮುಂದಿನ ಬೆಳೆ, ಮಕ್ಕಳ ಓದು, ಔಷಧೋಪಚಾರಗಳ ಹಣವನ್ನು ತೆಗೆದಿರಿಸಿ, ಉಳಿದುದನ್ನು ತಿಂಗಳುಗಳಿಗೆ ಹಂಚಬೇಕು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ತಡವಾಗಿಯೂ ಬರಬಹುದು. ಅದನ್ನೇ ನಂಬಿ ಕಂತು ಹೊರಬಾರದು. ಲೆಕ್ಕವನ್ನು ಮನೆಯಾಕೆಯೊಡನೆ ಕುಳಿತು ಬರೆಯುವುದು ಲೇಸೆಂದು ನಾವು ಭಾವಿಸುತ್ತೇವೆ.